ಜರ್ಮನಿಯ ವಾಯವ್ಯ ಕರಾವಳಿಯ ಓಸ್ಟ್‌ಫ್ರೀಸ್‌ಲಾಂಡಿನ ಹಳ್ಳಿಯಲ್ಲಿ ಹಳೆಯ ಮನೆ: ಕೊಂಡವರು, ಬಿಟ್ಟು ಬಂದವರು ದಯವಿಟ್ಟು ಅನುಭವ ಹೇಳಿ

ಎಮ್ಡೆನ್ ಹೊಸಬಳು:
ನನ್ನ ಯಜಮಾನರಿಗೆ ಎಮ್ಡೆನ್‌ನಲ್ಲಿ ಕೆಲಸ ಖಾಯಂ ಆಗಿದೆ. ಮಗಳಿಗೆ ಐದು ವರ್ಷ. ಡೋರ್ನಮ್ ಆಸುಪಾಸಿನ ಹಳ್ಳಿಯೊಂದರಲ್ಲಿ ಕೆಂಪು ಇಟ್ಟಿಗೆಯ ಗುಲ್ಫ್‌ಹೌಸ್ ಮಾರಾಟಕ್ಕಿದೆ. ಮುಂದೆ ವಾಸ, ಹಿಂದೆ ಕೊಟ್ಟಿಗೆ, ಎರಡಕ್ಕೂ ಒಂದೇ ಛಾವಣಿ. 1,80,000 ಯೂರೋ ಕೇಳುತ್ತಿದ್ದಾರೆ. ನಿಘಂಟಿನ ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಅಲ್ಲೇ ಹತ್ತಿರ ಎಂಬುದೂ ಮನಸ್ಸನ್ನು ಎಳೆಯುತ್ತಿದೆ. ಬರುವ ಗುರುವಾರ ನೋಟರಿ ಭೇಟಿ. ಹಳ್ಳಿಯ ಬದುಕು ನಮ್ಮಂಥವರಿಗೆ ಒಗ್ಗುತ್ತದೆಯೇ? ಖರ್ಚು ಎಷ್ಟಕ್ಕೆ ಹೋಗಬಹುದು?

ಕ್ರುಮ್‌ಹೋರ್ನ್ ಮನೆಯವ:
ನಾನು 2021ರಲ್ಲಿ ಇಂಥದೇ ಮನೆ ಕೊಂಡೆ. ಬೆಲೆ 1,64,000. ಆಸ್ತಿ ಖರೀದಿ ತೆರಿಗೆ 5 ಶೇಕಡಾ, ಅಂದರೆ 8,200. ನೋಟರಿ ಮತ್ತು ಭೂದಾಖಲೆ 3,100. ದಲ್ಲಾಳಿಗೆ ನನ್ನ ಪಾಲು 5,855. ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದನ್ನು ಕೇಳಿ.

ಕೊಟ್ಟಿಗೆಯ ಮೇಲಿದ್ದದ್ದು ಆಸ್ಬೆಸ್ಟಾಸ್ ಹಾಳೆ, 410 ಚದರ ಮೀಟರ್. ಅದನ್ನು ಯಾರೆಂದರೆ ಅವರು ಇಳಿಸುವಂತಿಲ್ಲ. ಪರವಾನಗಿ ಇರುವವರು ಮುಖವಾಡ ಹಾಕಿಕೊಂಡು ಬಂದು, ಚೀಲಗಳಲ್ಲಿ ಬಿಗಿದು ಒಯ್ಯಬೇಕು. 17,600. ಹೊಸ ಹೆಂಚಿಗೆ 88,300. ಏಪ್ರಿಲ್‌ನಲ್ಲಿ ಸಾರುವೆ ಕಟ್ಟಿದ ಮೂರನೆಯ ದಿನ ಕೆಲಸಗಾರ ಕೆಳಗಿಳಿದು ಬಂದು ‘ಮೇಲೆ ಹಾವು ಬುಸುಗುಟ್ಟುತ್ತಿದೆ’ ಎಂದ. ಏಣಿ ಹತ್ತಿ ನೋಡಿದರೆ ಗೋಡೆಯ ತುದಿಯಲ್ಲಿ ಹಿಂದಿನವರು ಗೂಬೆಗೆಂದೇ ಬಿಟ್ಟಿದ್ದ ಕಿಂಡಿಯ ಒಳಗೆ ಕಣಜಗೂಬೆಯ ನಾಲ್ಕು ಮರಿಗಳು, ಹೃದಯದಾಕಾರದ ಬಿಳಿ ಮುಖ ತಿರುಗಿಸಿ ನನ್ನನ್ನೇ ನೋಡುತ್ತಿದ್ದವು. ಮರಿಗಳು ಹಾರಿಹೋಗುವ ತನಕ ಕೆಲಸ ನಿಲ್ಲಿಸಿ ಎಂದು ಪ್ರಕೃತಿ ಸಂರಕ್ಷಣೆಯವರು ಆದೇಶ ಕೊಟ್ಟರು. ಹನ್ನೊಂದು ವಾರ. ಸಾರುವೆಯ ಬಾಡಿಗೆ ವಾರಕ್ಕೆ 640. ನೀವೇ ಗುಣಿಸಿಕೊಳ್ಳಿ. ಗೂಬೆಯ ಮೇಲೆ ನನಗೆ ಕೋಪವಿಲ್ಲ, ಆ ಕಿಂಡಿಯ ವಿಷಯ ಗೊತ್ತಿದ್ದೂ ಬಾಯಿ ಬಿಡದ ಮಾರಾಟಗಾರನ ಮೇಲೆ ಇಂದಿಗೂ ಇದೆ.

ಒಳಚರಂಡಿ ನಮ್ಮ ಬೀದಿಗೆ ಬಂದಿಲ್ಲ. ಸ್ವಂತ ಶುದ್ಧೀಕರಣ ತೊಟ್ಟಿಗೆ 9,400, ಜೊತೆಗೆ ವರ್ಷವರ್ಷ ತಪಾಸಣೆಯ ಬಿಲ್ಲು. ಪಶ್ಚಿಮದ ಗೋಡೆಯ ಇಟ್ಟಿಗೆ ಸಂದಿನ ಗಾರೆಯನ್ನು ಉಪ್ಪು ಗಾಳಿ ಬೆರಳಿನಲ್ಲಿ ಉದುರಿಸುವಷ್ಟು ತಿಂದಿತ್ತು. ಒಟ್ಟು ಲೆಕ್ಕ ಮನೆಯ ಬೆಲೆಯನ್ನು ದಾಟಿದ ದಿನದಿಂದ ಹೆಂಡತಿಗೆ ಲೆಕ್ಕ ತೋರಿಸುವುದನ್ನು ಬಿಟ್ಟಿದ್ದೇನೆ.

ಓಲ್ಡನ್‌ಬುರ್ಗ್‌ಗೆ ಮರಳಿದವಳು:
ಕೊಳ್ಳಬೇಡಿ. ನಾವು ಗ್ರೋಸೆಫೆನ್ ಕಡೆಯ ಕಾಲುವೆ ಹಳ್ಳಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದೆವು. 1633ರಲ್ಲಿ ಜೌಗು ಅಗೆದು, ಉರುವಲಿಗೆ ಪೀಟ್ ಮಣ್ಣು ತೆಗೆಯಲು ಶುರುವಾದ ಊರು. ಜೌಗಿನ ಒಕ್ಕಲುಗಳ ತಲೆಮಾರುಗಳ ಬಗ್ಗೆ ಅಲ್ಲಿ ಒಂದು ಮಾತಿದೆ: ಮೊದಲನೆಯವರಿಗೆ ಸಾವು, ಎರಡನೆಯವರಿಗೆ ಬವಣೆ, ಮೂರನೆಯವರಿಗೆ ರೊಟ್ಟಿ. ಪಕ್ಕದ ಮನೆಯ ಅಜ್ಜಿ ಮೊದಲ ವಾರವೇ ಅದನ್ನು ನನಗೆ ಹೇಳಿದರು. ಆಗ ಚೆನ್ನಾಗಿದೆ ಅನ್ನಿಸಿತ್ತು. ಎರಡನೆಯ ಚಳಿಗಾಲದ ಹೊತ್ತಿಗೆ, ಈ ಲೆಕ್ಕದಲ್ಲಿ ನಾನು ಮೊದಲನೆಯವಳು ಎಂದು ಅರ್ಥವಾಯಿತು.

ಶಾಲೆಗೆ ರಜೆ ಎಂದರೆ ಬಸ್ಸಿಗೂ ಹೆಚ್ಚುಕಡಿಮೆ ರಜೆ. ಮಗನಿಗೆ ಕಿವಿನೋವು ಬಂದಾಗ ಮಕ್ಕಳ ವೈದ್ಯರಿಗೆ 31 ಕಿಲೋಮೀಟರ್. ನನಗೆ ಆಗ ಚಾಲನಾ ಪರವಾನಗಿ ಇರಲಿಲ್ಲ. ಅದನ್ನು ಪಡೆಯಲು 3,450 ಯೂರೋ, ಎರಡು ಸಲ ಅನುತ್ತೀರ್ಣ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಜನ ಕೆಟ್ಟವರೆಂದು ಹೇಳಲಾರೆ. ಎಲ್ಲರೂ ‘ಮೋಯಿನ್’ ಎನ್ನುತ್ತಿದ್ದರು. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಅದರಾಚೆಗೆ ಎರಡನೆಯ ಮಾತು ಬರಲು ಎಂಟು ತಿಂಗಳು ಹಿಡಿಯಿತು.

ಡೋರ್ನಮ್ ಸೊಸೆ:
ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಆದ್ದರಿಂದ ಮಾತಾಡುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ. ಅಕ್ಕ, ನೀವು ಎಂಟು ತಿಂಗಳು ಕಾದಿರಿ, ಸರಿ. ನೀವಾಗಿ ಯಾರ ಬಾಗಿಲು ತಟ್ಟಿದಿರಿ? ನಮ್ಮ ಗೃಹಪ್ರವೇಶದ ದಿನ ಬೀದಿಯವರೆಲ್ಲ ಸೇರಿ ಬಾಗಿಲಿಗೆ ಹಸಿರು ಸೊಪ್ಪಿನ ಕಮಾನು ಕಟ್ಟಿದರು, ಕಾಗದದ ಹೂವುಗಳನ್ನು ಸಿಕ್ಕಿಸಿದರು. ನನಗೆ ನಮ್ಮೂರಿನ ಮಾವಿನ ತೋರಣವೇ ಕಂಡಿತು, ಅಲ್ಲೇ ನಿಂತು ಅತ್ತುಬಿಟ್ಟೆ. ಮಗು ಹುಟ್ಟಿದಾಗ ನೋಡಲು ಬಂದವರಿಗೆ ಬ್ರಾಂಡಿಯಲ್ಲಿ ನೆನೆಸಿದ ಒಣದ್ರಾಕ್ಷಿ ಕೊಡುವುದು ಇಲ್ಲಿಯ ಪದ್ಧತಿ. ನಮ್ಮ ಮನೆಯಲ್ಲಿ ಮದ್ಯವಿಲ್ಲ. ದ್ರಾಕ್ಷಿಯನ್ನು ಬೆಲ್ಲದ ಪಾನಕದಲ್ಲಿ ನೆನೆಸಿಟ್ಟೆ. ಎಲ್ಲರೂ ತಿಂದರು, ಒಬ್ಬರೂ ಮುಖ ಸಿಂಡರಿಸಲಿಲ್ಲ. ನವೆಂಬರ್ 10ರ ಸಂಜೆ ಮಕ್ಕಳು ಲಾಟೀನು ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ಈಗ ನನ್ನ ಮಗಳೂ ಅವರಲ್ಲೊಬ್ಬಳು.

ಚಹಾಕ್ಕೆ ಕರೆದರೆ ಹೋಗಿ. ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದಾಗ ಚಟಚಟ ಎನ್ನುತ್ತದೆ. ಕೆನೆಯನ್ನು ಬಟ್ಟಲಿನ ಅಂಚಿನಲ್ಲಿ ಇಳಿಬಿಟ್ಟರೆ ಮೋಡದಂತೆ ಮೇಲೇಳುತ್ತದೆ. ಕಲಕಬಾರದು. ಮೂರು ಬಟ್ಟಲು ಕುಡಿಯಲೇಬೇಕು. ಸಾಕಾದರೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕು. ನನಗದು ತಿಳಿಯದೆ ಮೊದಲ ದಿನ ಏಳು ಬಟ್ಟಲು ಕುಡಿದೆ. ಆ ಚಹಾ ಹೆಚ್ಚಿನಂಶ ನಮ್ಮ ಅಸ್ಸಾಮಿನದು.

ಶ್ವಾಬಿಯ ಹಳಬ:
ಹಳ್ಳಿ ಎಲ್ಲ ಕಡೆಯೂ ಒಂದೇ. ದಕ್ಷಿಣ ಜರ್ಮನಿಯ ಬೆಟ್ಟಸೀಮೆ ಶ್ವಾಬಿಷ್ ಆಲ್ಬ್‌ನಲ್ಲಿ ಹದಿನಾಲ್ಕು ವರ್ಷದಿಂದ ಮರದ ಚೌಕಟ್ಟಿನ ಸಂರಕ್ಷಿತ ಮನೆಯಲ್ಲಿದ್ದೇನೆ. ತೊಲೆಗಳ ನಡುವಿನ ಮಣ್ಣು ಮತ್ತು ಹುಲ್ಲಿನ ಗೋಡೆಯನ್ನು ನಾನೇ ಕೈಯಿಂದ ಮೆತ್ತಿದ್ದೇನೆ. ಸಂರಕ್ಷಿತ ಕಟ್ಟಡದಲ್ಲಿ ನೀವೇ ವಾಸವಿದ್ದರೆ ದುರಸ್ತಿ ವೆಚ್ಚದಲ್ಲಿ ವರ್ಷಕ್ಕೆ 9 ಶೇಕಡಾ, ಹತ್ತು ವರ್ಷ ಆದಾಯದಿಂದ ಕಳೆಯಬಹುದು. ಕೆಲಸ ಶುರುಮಾಡುವ ಮೊದಲೇ ಇಲಾಖೆಯ ಒಪ್ಪಿಗೆ ಪತ್ರ ಇರಬೇಕು. ನಾನು ಕಿಟಕಿಗಳನ್ನು ಒಂದು ತಿಂಗಳು ಮುಂಚೆ ಬದಲಿಸಿ 21,700ರ ಮೇಲಿನ ರಿಯಾಯಿತಿ ಕಳೆದುಕೊಂಡೆ. ನಮ್ಮಲ್ಲಿ ಗುಡಿಸುವ ಸರದಿಯ ಫಲಕ ಬಾಗಿಲಿಗೆ ಬಂದರೆ ಶನಿವಾರ ಮೆಟ್ಟಿಲು, ಕಾಲುದಾರಿ ಗುಡಿಸಲೇಬೇಕು. ನಿಮ್ಮ ಕಡೆ ಅಷ್ಟು ಶಿಸ್ತು ಇರಲಾರದು. ಆಡುಮಾತೂ ಜರ್ಮನ್‌ನ ಹಳ್ಳಿ ರೂಪ, ಮೂರು ತಿಂಗಳಲ್ಲಿ ಬರುತ್ತದೆ.

ಡೋರ್ನಮ್ ಸೊಸೆ:
ಶ್ವಾಬಿಯದವರೇ, ಇಲ್ಲಿಯ ಆಡುಮಾತಾದ ‘ಪ್ಲಾಟ್’ ಜರ್ಮನ್‌ನ ಹಳ್ಳಿ ರೂಪವಲ್ಲ, ಅದು ಬೇರೆ ಭಾಷೆ. ಪ್ರಾದೇಶಿಕ ಭಾಷೆಗಳ ಯುರೋಪಿಯನ್ ಒಪ್ಪಂದದಡಿ 1999ರಿಂದ ಅದಕ್ಕೆ ಈ ದೇಶದಲ್ಲಿ ರಕ್ಷಣೆ ಇದೆ. ನಿಮ್ಮ ಕಿಟಕಿಯ ಕಥೆ ಅವರಿಗೆ ಉಪಯೋಗವಾಗಬಹುದು, ಭಾಷೆಯ ಪಾಠ ಬೇಡ. ಕಿಟೆಲ್ ಪಾದ್ರಿಯ ಮಗ. ಮನೆಯಲ್ಲಿ ಒಂದು ಭಾಷೆ, ಊರಿನಲ್ಲಿ ಇನ್ನೊಂದು ಕೇಳಿ ಬೆಳೆದ ಕಿವಿಯೇ 1894ರಲ್ಲಿ ಎಪ್ಪತ್ತು ಸಾವಿರ ಕನ್ನಡ ಪದಗಳ ನಿಘಂಟು ಕೊಟ್ಟಿತು ಎಂಬುದು ನನ್ನ ನಂಬಿಕೆ.

ಕ್ರುಮ್‌ಹೋರ್ನ್ ಮನೆಯವ:
ನಂಬಿಕೆ ನಿಮ್ಮದು, ಇಟ್ಟುಕೊಳ್ಳಿ. ಆತ 1853ರಲ್ಲಿ ಭಾರತಕ್ಕೆ ಹೊರಟವನು ಮತ್ತೆ ಈ ಊರಿನಲ್ಲಿ ನೆಲೆಸಲಿಲ್ಲ, 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಮಂಗಳೂರು, ಧಾರವಾಡ, ಮಡಿಕೇರಿಯಲ್ಲಿ ಕಲಿತ ಕನ್ನಡದ ಕೀರ್ತಿಯನ್ನು ಇಲ್ಲಿಯ ಗಾಳಿಗೆ ಕೊಡಬೇಡಿ. ಕಿಟೆಲ್ ಹೆಸರಿನಲ್ಲಿ ಛಾವಣಿ ಸೋರುವುದು ನಿಲ್ಲುವುದಿಲ್ಲ.

ಡೋರ್ನಮ್ ಸೊಸೆ:
ಎರಡು ವರ್ಷಕ್ಕೊಮ್ಮೆ ತವರಿನಿಂದ ಅಪ್ಪ ಬರುತ್ತಾರೆ, ನಿವೃತ್ತ ಕನ್ನಡ ಮೇಷ್ಟ್ರು. ಮೊದಲ ಸಲ ರೆಸ್ಟರ್‌ಹಾಫೆಯ ಚರ್ಚಿನ ಮುಂದೆ ಕಾರಿನಿಂದ ಇಳಿದವರು ಚಪ್ಪಲಿ ಬಿಟ್ಟು ನಿಂತರು. ಅದನ್ನು ಕಂಡ ಮೇಲೆ ಈ ಊರು ನನಗೆ ಪರದೇಶ ಅಲ್ಲ. ಛಾವಣಿಯ ಲೆಕ್ಕ ನನಗೂ ಇದೆ ಸರ್, 61,000. ಅದನ್ನು ಹಿಡಿದುಕೊಂಡು ಊರನ್ನು ಬೈಯುವುದಿಲ್ಲ.

ಓಲ್ಡನ್‌ಬುರ್ಗ್‌ಗೆ ಮರಳಿದವಳು:
ಬಾಗಿಲು ತಟ್ಟಲಿಲ್ಲ ಎಂದವರಿಗೆ ಹೇಳುತ್ತೇನೆ: ತಟ್ಟಿದ್ದೆ. ದೀಪಾವಳಿಗೆ ಹನ್ನೆರಡು ಮನೆಗೆ ಕೋಡುಬಳೆ ಕೊಟ್ಟು ಬಂದೆ. ಒಂಬತ್ತು ಡಬ್ಬಗಳು ತೊಳೆದು ನಮ್ಮ ಬಾಗಿಲ ಬಳಿ ಬಂದು ಕೂತಿದ್ದವು, ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ಒಂಬತ್ತು ವರ್ಷ ಇದ್ದವರು ಎರಡೇ ವರ್ಷ ಇದ್ದವರನ್ನು ಹೀಗೆ ಅಳೆಯಬಾರದು. ಹಿಟ್ಲರನ ಕಾಲದಲ್ಲಿ ಯಹೂದಿಗಳನ್ನು ಓಡಿಸಿದ ಊರುಗಳಿವು, ಹೊರಗಿನವರ ಅನುಮಾನ ಅಷ್ಟು ಬೇಗ ಹೋಗುವುದಿಲ್ಲ.

ಡೋರ್ನಮ್ ಸೊಸೆ:
ಇದನ್ನು ನಾನು ಸುಮ್ಮನೆ ಬಿಡುವುದಿಲ್ಲ. ಡೋರ್ನಮ್‌ನಲ್ಲಿ 1841ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇಂದಿಗೂ ನಿಂತಿದೆ. 1938ರ ನವೆಂಬರ್ ದಾಳಿಗೆ ಮೊದಲೇ ಮಾರಾಟವಾಗಿದ್ದರಿಂದ ಉಳಿಯಿತು. ಊರು ಒಳ್ಳೆಯದಾಗಿತ್ತು ಎಂಬ ಕಾರಣಕ್ಕಲ್ಲ. ಈಗ ಅದು ಸ್ಮಾರಕ, ಹೋದವರ ಹೆಸರುಗಳನ್ನು ಇಲ್ಲಿಯವರೇ ಓದಿ ಹೇಳುತ್ತಾರೆ. ಆ ದುಃಖಕ್ಕೂ ನಿಮ್ಮ ಕೋಡುಬಳೆ ಡಬ್ಬಕ್ಕೂ ಗಂಟು ಹಾಕಬೇಡಿ. ಡಬ್ಬ ತೊಳೆದು ತಂದಿಟ್ಟರಲ್ಲ, ಅದೇ ಇವರ ಚೀಟಿ.

ಕ್ರುಮ್‌ಹೋರ್ನ್ ಮನೆಯವ:
ಇವರ ಜಗಳದಲ್ಲಿ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ. ಕಡಲ ಏರಿ ಸಂಘದ ವಂತಿಗೆ, ನೀರುಗಾಲುವೆ ಸಂಘದ ವಂತಿಗೆ. ಏರಿಯ ಹಿಂದೆ ಜಮೀನಿದ್ದರೆ ನೀವು ಒಪ್ಪಿದರೂ ಒಪ್ಪದಿದ್ದರೂ ಸದಸ್ಯರು. ‘ಏರಿ ಕಟ್ಟಲೊಲ್ಲದವನು ಊರು ಬಿಡಬೇಕು’ ಎಂಬ ಹಳೆಯ ಕಾನೂನಿನ ಊರುಗಳಿವು. 1717ರ ಕ್ರಿಸ್‌ಮಸ್ ರಾತ್ರಿ ಏರಿ ಒಡೆದು ಈ ಕರಾವಳಿಯಲ್ಲಿ ಸಾವಿರಾರು ಜನ ಮುಳುಗಿದರು. ನಮ್ಮ ಫ್ರೀಪ್ಸುಮ್ ಕಡೆ ನೆಲ ಕಡಲಿಗಿಂತ 2 ಮೀಟರಿಗೂ ಹೆಚ್ಚು ಕೆಳಗಿದೆ, ಪಂಪು ನಿಂತರೆ ಹೊಲವೇ ಕೆರೆ. ಈ ಒಂದು ಬಿಲ್ಲನ್ನು ಮಾತ್ರ ನಾನು ಗೊಣಗದೆ ಕಟ್ಟುತ್ತೇನೆ.

ಶ್ವಾಬಿಯ ಹಳಬ:
ನಮ್ಮಲ್ಲಿ ಇಂಥ ವಂತಿಗೆ ಇಲ್ಲ. ಬೆಟ್ಟದ ಮೇಲೆ ಕೊಳ್ಳುವುದೇ ಮೇಲು.

ಡೋರ್ನಮ್ ಸೊಸೆ:
ಅವರ ಯಜಮಾನರ ಕೆಲಸ ಎಮ್ಡೆನ್‌ನಲ್ಲಿ.

ಎಮ್ಡೆನ್ ಹೊಸಬಳು:
ಎಲ್ಲರಿಗೂ ಕೃತಜ್ಞತೆಗಳು. ಮಾರಾಟ ಪತ್ರದ ಕರಡನ್ನು ಈಗ ಮತ್ತೆ ಓದಿದೆ. ಏರಿ ವಂತಿಗೆಯ ಸಾಲು ಇಲ್ಲ, ಕೊಟ್ಟಿಗೆಯ ಛಾವಣಿ ಯಾವುದರದೆಂದೂ ಬರೆದಿಲ್ಲ. ನಾಳೆ ಮಧ್ಯಾಹ್ನ ಒಬ್ಬ ಛಾವಣಿ ಕೆಲಸದವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಕ್ರುಮ್‌ಹೋರ್ನ್ ಸರ್, ಗೂಬೆಯ ಕಿಂಡಿ ಗೋಡೆಯ ಯಾವ ಬದಿಗಿರುತ್ತದೆ?

ಕ್ರುಮ್‌ಹೋರ್ನ್ ಮನೆಯವ:
ಕೊಟ್ಟಿಗೆಯ ತುದಿಗೋಡೆಯಲ್ಲಿ, ಛಾವಣಿಯ ಎರಡು ಇಳಿಜಾರು ಕೂಡುವ ನೆತ್ತಿಯ ಕೆಳಗೆ. ಕತ್ತಲಾದ ಮೇಲೆ ಹೋಗಿ, ಸದ್ದಿಲ್ಲದೆ ನಿಂತು ಕೇಳಿ. ಗೂಬೆ ಕೂತಿದ್ದರೆ ಓಡಿಸಬೇಡಿ.