ಪದ ಬೇಕು (ತುರ್ತು): ಕಣ್ಣೊಳಗಿನ ‘ಸಿಸ್ಟ್’

ನಮಸ್ಕಾರ. ಕಣ್ಣಿನ ಆಸ್ಪತ್ರೆಯೊಂದರ ಸ್ಕ್ಯಾನ್ ಕೋಣೆಯ ಬೋರ್ಡಿಗೆ ಕನ್ನಡ ಬೇಕು. ಕಣ್ಣೊಳಗಿನ ಸಿಸ್ಟನ್ನು, ಅಂದರೆ ನೀರು ತುಂಬಿದ ಚೀಲದಂಥದ್ದನ್ನು, ಅಲ್ಟ್ರಾಸೌಂಡ್ ಸ್ಕ್ಯಾನಿನಿಂದ ಪತ್ತೆ ಮಾಡುವ ಕೋಣೆ ಇದು. ಅನುವಾದದವರು ಕಳಿಸಿದ್ದು ಹೀಗಿದೆ: ‘ಶ್ರವಣಾತೀತ ಧ್ವನಿಯಿಂದ ನೇತ್ರಾಂತರ್ಗತ ಕೋಶದ ಪತ್ತೆ’. ನನಗಿದು ಒಪ್ಪಿಗೆಯಿಲ್ಲ. ನಾಳೆ ಬೆಳಿಗ್ಗೆ ಪೇಂಟರ್ ಬರ್ತಾರೆ, ಬೇಗ ತಿಳಿಸಿ.

*

ಇದಕ್ಕೆಲ್ಲ ಸಂಸ್ಕೃತ ಯಾಕೆ? ‘ಕಣ್ಗುಳ್ಳೆ’ ಅನ್ನಿ, ಮುಗೀತು. ಕಣ್+ಗುಳ್ಳೆ. ಅಲ್ಟ್ರಾಸೌಂಡಿಗೆ ‘ಮೀರುಲಿ’: ಕಿವಿಗೆ ಮೀರಿದ ಉಲಿ. ಉಲಿ ಹಳಗನ್ನಡದಿಂದಲೂ ಇರುವ ಮಾತು. ಕನ್ನಡದ ಬೇರಿನಿಂದಲೇ ಪದ ಕಟ್ಟಬೇಕು, ಕಡ ತಂದದ್ದು ಸಾಕು.

*

ಮೀರುಲಿ ಚೆನ್ನಾಗಿದೆ ಸರ್, ಆದರೆ ಬೋರ್ಡಿಗೆ ಬೇಡ. ಹಳ್ಳಿಯಿಂದ ಬಂದ ಅಜ್ಜಿಯೂ ‘ಸ್ಕ್ಯಾನಿಂಗ್ ಎಲ್ಲಿ ಮಾಡ್ತಾರಪ್ಪ’ ಅಂತಲೇ ಕೇಳೋದು. ಆಸ್ಪತ್ರೆ ಅನ್ನೋ ಪದವೂ ಹೊರಗಿನಿಂದ ಬಂದದ್ದೇ ಅಲ್ವಾ, ಅದನ್ನು ಬಿಡ್ತೀರಾ?

‘ಕಣ್ಗುಳ್ಳೆ’ ಅಂದರೆ ರೆಪ್ಪೆ ಮೇಲೆ ಎದ್ದ ಗುಳ್ಳೆ ಅಂದುಕೊಳ್ಳುತ್ತಾರೆ. ಅವಸರದಲ್ಲಿ ಓದಿದರೆ ಕಣ್ಗುಡ್ಡೆ ಆಗುತ್ತೆ. ‘ಕೋಶ’ ಅಂದರೆ ಶಾಲೆಯಲ್ಲಿ ಓದಿದ ಜೀವಕೋಶ. ‘ಗೆಡ್ಡೆ’ ಬೇಡವೇ ಬೇಡ, ಕ್ಯಾನ್ಸರ್ ಅಂತ ಜನ ಹೆದರುತ್ತಾರೆ.

ಸ್ಕ್ಯಾನಿನಲ್ಲಿ ಏನು ಕಾಣುತ್ತೆ ಅನ್ನೋದರಿಂದ ಶುರು ಮಾಡೋಣ. ಕಣ್ಣು ಮುಚ್ಚಿಸಿ, ರೆಪ್ಪೆಗೆ ಜೆಲ್ ಹಚ್ಚಿ, ಮೇಲೆ ಪ್ರೋಬ್ ಇಡ್ತಾರೆ, ಅಂದರೆ ಅಲ್ಟ್ರಾಸೌಂಡ್ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಸಾಧನ. ಸಾಮಾನ್ಯವಾಗಿ 10 ಮೆಗಾಹರ್ಟ್ಸ್‌ನದು. ಪೊರೆ ಬಂದೋ ಒಳಗೆ ರಕ್ತ ತುಂಬಿಯೋ ಡಾಕ್ಟರಿಗೆ ಹೊರಗಿನಿಂದ ಏನೂ ಕಾಣದಿದ್ದಾಗ ಇದೇ ಗತಿ. ಸಿಸ್ಟಿನೊಳಗೆ ಬರೀ ನೀರಿದ್ದರೆ ಪ್ರತಿಧ್ವನಿ ಬರಲ್ಲ, ಅದಕ್ಕೇ ಪರದೆ ಮೇಲೆ ಆ ಜಾಗ ಕಪ್ಪಗೆ, ಸುತ್ತ ತೆಳ್ಳನೆ ಬಿಳಿ ಗೆರೆ. ಲಾಡಿಹುಳುವಿನ ಮರಿ ಸೇರಿಕೊಂಡಿದ್ದರೆ ಆ ಕಪ್ಪಿನೊಳಗೆ ಒಂದು ಬಿಳಿ ಚುಕ್ಕೆ ಹೊಳೆಯುತ್ತೆ. ಅದು ಹುಳುವಿನ ತಲೆ. ಹುಳು ಬದುಕಿದ್ದರೆ ಅಲುಗಾಡುವುದೂ ಕಾಣಬಹುದು.

ನೀರು ತುಂಬಿದ ಗುಳ್ಳೆ ತಾನೇ? ‘ನೀರುಗುಳ್ಳೆ’ ಸಾಕು. ಆದರೆ ‘ಕಣ್ಣೊಳಗಿನ’ ಅಂತ ಮುಂದೆ ಇರಲೇಬೇಕು, ಇಲ್ಲದಿದ್ದರೆ ಸುಟ್ಟಾಗ ಏಳುವ ಬೊಬ್ಬೆ ಅನ್ನಿಸುತ್ತೆ.

*

ಹೀಗೇ ಬಿಟ್ಟುಕೊಟ್ಟರೆ ಇನ್ನು ಹತ್ತು ವರ್ಷಕ್ಕೆ ಕ್ರಿಯಾಪದವೊಂದೇ ಕನ್ನಡ. ಒಪ್ಪಲ್ಲ.

*

ಬಿಟ್ಟುಕೊಟ್ಟದ್ದು ‘ಸ್ಕ್ಯಾನ್’ ಒಂದೇ ಸರ್, ನೀರುಗುಳ್ಳೆ ಅಚ್ಚಗನ್ನಡವೇ. ಮೀರುಲಿಯನ್ನು ಪಠ್ಯಪುಸ್ತಕದವರಿಗೆ ಕಳಿಸಿ, ನಾನೂ ಸಹಿ ಹಾಕ್ತೀನಿ. ರೋಗಿ ಬಾಗಿಲಲ್ಲಿ ನಿಂತು ಪದ ಕಲಿಯೋದು ಬೇಡ.

ಮೇಡಂ, ಬೋರ್ಡಿಗೆ ಇಷ್ಟು ಬರೆಸಿ: ‘ಕಣ್ಣೊಳಗಿನ ನೀರುಗುಳ್ಳೆ ಪತ್ತೆಗೆ ಸ್ಕ್ಯಾನ್’. ಜಾಗ ಇದ್ದರೆ, ಡಾಕ್ಟರನ್ನು ಒಂದು ಮಾತು ಕೇಳಿ, ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ನೀವಾಗಿಯೇ ಹುಳದ ಮಾತ್ರೆ ನುಂಗಬೇಡಿ’. ಹುಳು ಕಣ್ಣೊಳಗೇ ಸತ್ತರೆ ಉರಿಯೂತ ಜಾಸ್ತಿಯಾಗಿ ದೃಷ್ಟಿಗೇ ಕುತ್ತು. ಅದನ್ನು ಆಪರೇಷನ್ ಮಾಡಿಯೇ ತೆಗೀಬೇಕು.