ಸಹಾಯ ಬೇಕು: ಹಳೇ ಪಿಕಪ್‌ನ ಸ್ಟೀರಿಂಗ್ ನಡುಗುತ್ತದೆ, ಸಡಿಲವೂ ಆಗಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆ. 2008ರ ಪಿಕಪ್, ಪವರ್ ಸ್ಟೀರಿಂಗ್ ಇಲ್ಲ. ಅಡಿಕೆ ಮೂಟೆ ಹಾಕಿಕೊಂಡು ಕುಮಟಾಕ್ಕೆ ಹೋಗಿ ಬರುವುದೇ ಇದರ ಕೆಲಸ.

ಮಳೆಗಾಲ ಮುಗಿದ ಮೇಲೆ ದೇವಿಮನೆ ಘಟ್ಟದಲ್ಲಿ ಒಂದು ದೊಡ್ಡ ಹೊಂಡಕ್ಕೆ ಎಡಗಡೆ ಚಕ್ರ ಬಿತ್ತು. ಆಮೇಲಿಂದ 55ರಿಂದ 65 ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತದೆ, 70 ದಾಟಿದರೆ ಕಡಿಮೆ. ಬ್ರೇಕ್ ಒತ್ತಿದರೆ ಜಾಸ್ತಿ ಆಗುವುದಿಲ್ಲ. ಇದರ ಜೊತೆ ಸ್ಟೀರಿಂಗ್ ಎರಡು ಇಂಚು ಸುಮ್ನೆ ತಿರುಗುತ್ತದೆ, ಚಕ್ರ ಅಲ್ಲಾಡುವುದೇ ಇಲ್ಲ. ಘಟ್ಟದ ತಿರುವಿನಲ್ಲಿ ಎದೆ ಡವಡವ.

ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ನಡುಕ ಅರ್ಧ ಇಳಿಯಿತು, ಸಡಿಲ ಹಾಗೇ ಇದೆ. ನಿನ್ನೆ ಜಾಕ್ ಹಾಕಿ ನೋಡಿದೆ. ಎಡ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗಟ್ಟಿ ಇದೆ. ಎಡ ಬಲ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಸದ್ದು. ಮಗ ಸ್ಟೀರಿಂಗ್ ಆಡಿಸುವಾಗ ಅಡಿಗೆ ಮಲಗಿ ನೋಡಿದರೆ ಸ್ಟೀರಿಂಗ್ ಬಾಕ್ಸ್‌ನಿಂದ (ಸ್ಟೀರಿಂಗ್ ಕಂಬದ ಕೆಳಗಿನ ಗೇರ್ ಪೆಟ್ಟಿಗೆ) ಬರುವ ಆರ್ಮ್ ಕೂಡಲೇ ತಿರುಗುತ್ತದೆ, ಚಕ್ರವನ್ನು ಎಳೆದು ತಿರುಗಿಸುವ ಟೈ ರಾಡ್‌ನ ಎಡಗಡೆ ತುದಿ (ಟೈ ರಾಡ್ ಎಂಡ್) ಮಾತ್ರ ಮೊದಲು ಮೇಲೆ ಎದ್ದು ಆಮೇಲೆ ಎಳೆಯುತ್ತದೆ. ಅದರ ರಬ್ಬರ್ ಹರಿದು ಗ್ರೀಸ್‌ಗೆ ಕೆಂಪು ಮಣ್ಣು ಮೆತ್ತಿದೆ.

ಮೆಕ್ಯಾನಿಕ್ ಸ್ಟೀರಿಂಗ್ ಬಾಕ್ಸೇ ಬದಲಿಸಬೇಕು ಅಂತಾನೆ. ಹೊಸ ಟೈ ರಾಡ್ ಎಂಡ್ ಹಾಕಿ ವೀಲ್ ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿಪಡಿಸುವುದು) ಮಾಡಿಸಿದರೆ ಸಾಕಲ್ವಾ? ಎರಡೂ ಕಡೆ ಒಟ್ಟಿಗೆ ಬದಲಿಸಬೇಕಾ? ಉಳಿದ ನಡುಕಕ್ಕೆ ರಿಮ್ ಬೆಂಡ್ ಕಾರಣ ಇರಬಹುದಾ? ಸಡಿಲ ಹೋಗಲು ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡು ಅಂತ ಪಕ್ಕದ ಮನೆಯವರ ಸಲಹೆ. ಜಾಸ್ತಿ ಬಿಗಿಯಾದರೆ ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ ಅಂತ ಮುಟ್ಟಿಲ್ಲ. ಗೊತ್ತಿದ್ದವರು ಹೇಳಿ, ಅಲ್ಲಿವರೆಗೆ ಗಾಡಿ ಘಟ್ಟ ಇಳಿಸುವುದಿಲ್ಲ.