ಟ್ರ್ಯಾಕ್ ಪ್ಯಾಂಟ್, ಲೆಗ್ಗಿಂಗ್ಸ್, ಡ್ರೈಫಿಟ್ ಟೀ ಶರ್ಟ್: ಬೆಳಿಗ್ಗೆಯಿಂದ ರಾತ್ರಿವರೆಗೆ ಹಾಕುವವರ ಪ್ರಶ್ನೆಗಳಿಗೆ ಉತ್ತರ

ಗುಂಪಿನ ಅಡ್ಮಿನ್: ಆಟಕ್ಕೆ, ಜಿಮ್‌ಗೆ ಅಂತ ಮಾಡಿದ ಬಟ್ಟೆಯನ್ನೇ ಈಗ ಮನೆ, ಮಾರ್ಕೆಟ್, ಆಫೀಸು ಎಲ್ಲದಕ್ಕೂ ಹಾಕುತ್ತಿದ್ದೇವೆ. ಈ ಬಗ್ಗೆ ಬಂದ ಪ್ರಶ್ನೆಗಳಿಗೆ ಹೊಸೈರಿ ಉಡುಪುಗಳ ಕ್ವಾಲಿಟಿ ವಿಭಾಗದಲ್ಲಿರುವ ಮೇಡಂ ಉತ್ತರಿಸಿದ್ದಾರೆ. ಹೊಲಿಗೆ, ಆಲ್ಟರೇಶನ್ ಪ್ರಶ್ನೆಗೆ ನಮ್ಮ ಧಾರವಾಡದ ಟೈಲರ್ ಅಣ್ಣಾವರು.

ಪ್ರಶ್ನೆ (ಬೆಂಗಳೂರು): ಮೇಡಂ, ಬೆಳಿಗ್ಗೆ ವಾಕಿಂಗ್‌ಗೆ ಹಾಕಿದ ಡ್ರೈಫಿಟ್ ಟೀ ಶರ್ಟಲ್ಲೇ ಮನೆಯಿಂದ ಆಫೀಸ್ ಕೆಲಸ ಮಾಡ್ತೀನಿ. ಮಧ್ಯಾಹ್ನಕ್ಕೆ ಬೆನ್ನು ಅಂಟಂಟು, ಸಂಜೆಗೆ ವಾಸನೆ. ಒಳ್ಳೆ ಬ್ರ್ಯಾಂಡಿನದ್ದೇ. ಬಟ್ಟೆಯಲ್ಲಿ ಏನಾದ್ರೂ ದೋಷ ಇದೆಯಾ?

ಉತ್ತರ: ಬಟ್ಟೆಯಲ್ಲಿ ದೋಷವಿಲ್ಲ ಸರ್. ಅದನ್ನು ಮಾಡಿರುವುದೇ ಓಡುವಾಗಿನ ಒಂದು ಗಂಟೆಯ ಬೆವರಿಗೆ. ಡ್ರೈಫಿಟ್ ಅಂತ ಅಂಗಡಿಯಲ್ಲಿ ಕೊಡುವುದು ಬಹುತೇಕ ಪೂರ್ತಿ ಪಾಲಿಯೆಸ್ಟರ್. ನೂರು ಗ್ರಾಂ ಒಣ ಹತ್ತಿ ಬರೀ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿ ಇಟ್ಟುಕೊಳ್ಳುತ್ತದೆ. ನೈಲಾನ್ ಸುಮಾರು 4 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಅಂದರೆ ಪಾಲಿಯೆಸ್ಟರ್ ಎಳೆಯ ಒಳಗೆ ಬೆವರು ಹೋಗುವುದಿಲ್ಲ, ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಹರಡಿ ಹೊರಮೈಗೆ ಬರುತ್ತದೆ. ಅಲ್ಲಿ ಗಾಳಿ ಬೀಸಿದರೆ ಬೇಗ ಆರುತ್ತದೆ. ನಡೆಯುವಾಗ ಆ ಗಾಳಿ ಸಿಗುತ್ತದೆ. ಕುರ್ಚಿಗೆ ಒರಗಿ ಕೂತಾಗ ಬೆನ್ನಿಗೆ ಎಲ್ಲಿಯ ಗಾಳಿ? ಹರಡಿದ ಬೆವರು ಅಲ್ಲೇ ಚರ್ಮಕ್ಕೆ ಅಂಟಿಕೊಂಡು ಉಳಿಯುತ್ತದೆ.

ವಾಸನೆಗೆ ಇನ್ನೊಂದು ಕಾರಣ. ಪಾಲಿಯೆಸ್ಟರ್ ನೀರನ್ನು ದೂರ ಇಟ್ಟರೂ ಎಣ್ಣೆಯನ್ನು ಬಿಡದೆ ಹಿಡಿಯುತ್ತದೆ. ಮೈಯ ಜಿಡ್ಡು ಎಳೆಗೆ ಹತ್ತಿ ಕೂರುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ಆದ್ದರಿಂದ ವಾಕಿಂಗ್ ಮುಗಿದ ಕೂಡಲೇ ಬದಲಿಸಿ. ಕೂತು ಕೆಲಸ ಮಾಡುವ ಹೊತ್ತಿಗೆ ಪೂರ್ತಿ ಹತ್ತಿ ಅಥವಾ ಹತ್ತಿಯೇ ಹೆಚ್ಚಿರುವ 160ರಿಂದ 180 ಜಿಎಸ್‌ಎಂ ಟೀ ಶರ್ಟ್ ಸಾಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. 140ಕ್ಕಿಂತ ಕೆಳಗಿನ ಹತ್ತಿ ಟೀ ಶರ್ಟ್ ತಿಳಿ ಬಣ್ಣದಲ್ಲಿ ಒಳಗಿನದ್ದನ್ನು ತೋರಿಸುತ್ತದೆ, ಕುತ್ತಿಗೆಯೂ ಬೇಗ ಜೋಲುತ್ತದೆ.

ಅದೇ ಸದಸ್ಯರು: ಒಗೆದ ಮೇಲೂ ವಾಸನೆ ಹೋಗ್ತಿಲ್ಲ ಮೇಡಂ. ಒಣಗಿದಾಗ ಇರಲ್ಲ, ಹಾಕ್ಕೊಂಡು ಹತ್ತು ನಿಮಿಷಕ್ಕೆ ಮತ್ತೆ ಬರುತ್ತೆ.

ಉತ್ತರ: ಜಿಡ್ಡು ಹೋಗಿಲ್ಲ ಅನ್ನುವುದರ ಗುರುತೇ ಅದು. ಮೈಬಿಸಿ ತಾಗಿದ ಕೂಡಲೇ ಅಡಗಿದ್ದ ವಾಸನೆ ಏಳುತ್ತದೆ. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ. ಕೈಗೆ ಹಿತವಾದ ಬಿಸಿಯ, ಅಂದರೆ ಸುಮಾರು 40 ಡಿಗ್ರಿಯ, ನೀರಿಗೆ ಆಕ್ಸಿಜನ್ ಬ್ಲೀಚ್ ಪುಡಿ (ಕ್ಲೋರಿನ್ ಇಲ್ಲದ ಬ್ಲೀಚ್) ಹಾಕಿ ಒಂದು ಗಂಟೆ ನೆನೆಸಿ. ಪುಡಿಯ ಅಳತೆ ಪ್ಯಾಕೆಟ್ ಮೇಲಿರುತ್ತದೆ. ಆಮೇಲೆ ಮಾಮೂಲಿ ಡಿಟರ್ಜೆಂಟಲ್ಲಿ ಒಗೆಯಿರಿ. ಡಿಟರ್ಜೆಂಟ್ ಜಾಸ್ತಿ ಸುರಿಯಬೇಡಿ, ಸರಿಯಾಗಿ ತೊಳೆದು ಹೋಗದ ಸೋಪೂ ಜಿಡ್ಡಿನ ಜೊತೆ ಎಳೆಯ ಮೇಲೆ ಪದರ ಕಟ್ಟುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಪೂರ್ತಿ ನಿಲ್ಲಿಸಿ. ಬೆವರು ಹರಡುವ ಸಂದುಗಳನ್ನು ಅದು ಮೇಣದಂತೆ ಮುಚ್ಚಿಬಿಡುತ್ತದೆ, ಘಮ ಬರುವುದು ನಿಜ, ಬಟ್ಟೆಯ ಕೆಲಸ ಕೆಡುವುದೂ ನಿಜ. ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಲಿಕ್ವಿಡ್ ಮುಟ್ಟಿಸಲೇಬೇಡಿ. ಬಟ್ಟೆಯಲ್ಲಿ ಲೈಕ್ರಾ, ಅಂದರೆ ರಬ್ಬರಿನಂತೆ ಹಿಗ್ಗುವ ಎಳೆ, ಇದ್ದರೆ ಹಳದಿಯಾಗಿ ತುಂಡಾಗುತ್ತದೆ. ಬೆವರಿದ ಬಟ್ಟೆಯನ್ನು ಜಿಮ್ ಬ್ಯಾಗಲ್ಲೋ ಮುಚ್ಚಿದ ಬಕೆಟ್ಟಲ್ಲೋ ರಾತ್ರಿಯಿಡೀ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆಗಲೇ ಒಗೆಯಲು ಆಗದಿದ್ದರೆ ಹಗ್ಗದ ಮೇಲಾದರೂ ಹರವಿಡಿ.

ಪ್ರಶ್ನೆ (ದಾವಣಗೆರೆ): ಅಕ್ಕಾ, 300 ರೂಪಾಯಿಗೂ ಲೆಗ್ಗಿಂಗ್ಸ್ ಸಿಗತ್ತೆ, 2000ಕ್ಕೂ ಸಿಗತ್ತೆ. ನೋಡೋಕೆ ಎರಡೂ ಒಂದೇ. ಅಂಗಡಿಯಲ್ಲಿ ನಿಂತು ಏನು ನೋಡಬೇಕು? ಬಗ್ಗಿದ್ರೆ ಒಳಗಿಂದು ಕಾಣತ್ತೆ ಅನ್ನೋದೇ ದೊಡ್ಡ ತಲೆನೋವು.

ಉತ್ತರ: ಮೊದಲು ಒಳಗಿನ ಲೇಬಲ್ ಓದಿ. ಕುರ್ತಾ ಕೆಳಗೆ ಹಾಕುವ ಲೆಗ್ಗಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಶೇ. 95 ಹತ್ತಿ, ಶೇ. 5 ಸ್ಪ್ಯಾಂಡೆಕ್ಸ್ ಇರುತ್ತದೆ. ನಾವು ಲೈಕ್ರಾ ಅನ್ನುವುದು ಈ ಸ್ಪ್ಯಾಂಡೆಕ್ಸನ್ನೇ, ಲೈಕ್ರಾ ಒಂದು ಬ್ರ್ಯಾಂಡಿನ ಹೆಸರು. ಇಂಥ ಲೆಗ್ಗಿಂಗ್ಸ್ ಹೆಚ್ಚಾಗಿ ಸಿಂಗಲ್ ಜೆರ್ಸಿ, ಅಂದರೆ ಒಂದೇ ಪದರದ ಹೆಣಿಗೆ. ಮೇಲೆ ಕುರ್ತಾ ಇರುತ್ತದೆ ಅನ್ನುವ ಲೆಕ್ಕದಲ್ಲೇ ಅದನ್ನು ಮಾಡಿರುತ್ತಾರೆ, ಗಿಡ್ಡ ಟೀ ಶರ್ಟ್ ಜೊತೆ ಹಾಕಿದರೆ ಖಂಡಿತ ಕಾಣುತ್ತದೆ. ಜಿಮ್ ಲೆಗ್ಗಿಂಗ್ಸ್ ಇಂಟರ್‌ಲಾಕ್, ಅಂದರೆ ಎರಡು ಪದರ ಒಂದಕ್ಕೊಂದು ಬೆಸೆದ ಹೆಣಿಗೆಯದ್ದಾಗಿರಬೇಕು, ಪಾಲಿಯೆಸ್ಟರ್ ಅಥವಾ ನೈಲಾನ್ ಜೊತೆ ಶೇ. 15ರಿಂದ 25ರಷ್ಟು ಸ್ಪ್ಯಾಂಡೆಕ್ಸ್, 220ರಿಂದ 280 ಜಿಎಸ್‌ಎಂ. ಇಂಟರ್‌ಲಾಕ್ ಎರಡು ಬದಿಯಲ್ಲೂ ಒಂದೇ ಥರ ಕಾಣುತ್ತದೆ, ಕತ್ತರಿಸಿದ ಅಂಚು ಸುರುಳಿ ಸುತ್ತುವುದಿಲ್ಲ. ಸಿಂಗಲ್ ಜೆರ್ಸಿಯ ಅಂಚು ಸುತ್ತಿಕೊಳ್ಳುತ್ತದೆ.

ಆಮೇಲೆ ಕೈಯಲ್ಲೇ ಪರೀಕ್ಷೆ. ತೊಡೆಯ ಭಾಗದಲ್ಲಿ ಹತ್ತು ಸೆಂಟಿಮೀಟರ್ ಅಗಲ ಹಿಡಿದು ಹದಿನೈದಕ್ಕೆ ಎಳೆಯಿರಿ, ಮನಸ್ಸಲ್ಲೇ ಮೂವತ್ತು ಎಣಿಸಿ, ಬಿಡಿ. ಕೂಡಲೇ ಮೊದಲಿನ ಅಳತೆಗೆ ಬರಬೇಕು. ಹತ್ತೂವರೆಯ ಹತ್ತಿರ ನಿಂತುಬಿಟ್ಟರೆ ತಿಂಗಳೊಳಗೆ ಮೊಣಕಾಲು ಜೋಲುತ್ತದೆ. ಎಳೆದು ಹಿಡಿದಾಗಲೇ ಹಿಂದೆ ನಿಮ್ಮ ಕೈ ಇಟ್ಟು ಅಂಗಡಿಯ ಟ್ಯೂಬ್‌ಲೈಟ್ ಕಡೆ ನೋಡಿ, ಬೆರಳು ಎಣಿಸಲು ಬಂದರೆ ಕೆಳಗಿಡಿ. ಕಪ್ಪು, ಕಡು ನೀಲಿಯಲ್ಲಿ ಬಣ್ಣ ಎಳೆಯ ಒಳಗೂ ಇಳಿದಿದೆಯೇ ಅನ್ನುವುದೂ ಹೀಗೆ ಎಳೆದಾಗಲೇ ಗೊತ್ತಾಗುವುದು: ಹಿಗ್ಗಿದ ಜಾಗದಲ್ಲಿ ಬಿಳಿಬಿಳಿ ಇಣುಕಿದರೆ ಸ್ಪ್ಯಾಂಡೆಕ್ಸ್ ಎಳೆಗೆ ಬಣ್ಣ ಹತ್ತಿಲ್ಲ, ಅಥವಾ ಪ್ರಿಂಟ್ ಬರೀ ಮೇಲ್ಮೈಯಲ್ಲಿದೆ. ಅಂಥದ್ದು ಬಗ್ಗಿದಾಗೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಟ್ರಯಲ್ ರೂಮಿನಲ್ಲಿ ಒಮ್ಮೆ ಪೂರ್ತಿ ಕುಕ್ಕರಗಾಲಲ್ಲಿ ಕೂತು ಕನ್ನಡಿ ನೋಡಿ. ನಿಂತು ನೋಡಿದರೆ ಏನೂ ತಿಳಿಯದು.

ಒಳಗಿನ ಹೊಲಿಗೆಯನ್ನೂ ತಿರುಗಿಸಿ ನೋಡಿ. ಎರಡು ಬಟ್ಟೆಯ ಅಂಚು ಚಪ್ಪಟೆಯಾಗಿ ಕೂಡಿ, ಮೇಲೆ ನಾಲ್ಕು ಸಾಲು ದಾರ ಕಂಡರೆ ಅದು ಫ್ಲ್ಯಾಟ್‌ಲಾಕ್, ಚರ್ಮಕ್ಕೆ ಉಜ್ಜುವುದಿಲ್ಲ. ಬರೀ ಓವರ್‌ಲಾಕ್, ಅಂದರೆ ಅಂಚು ಸುತ್ತಿ ಹಾಕಿದ ಹೊಲಿಗೆ ಆಗಿದ್ದರೆ ಒಳಗೆ ದಿಂಡು ನಿಲ್ಲುತ್ತದೆ, ದಿನವಿಡೀ ಹಾಕಿದರೆ ತೊಡೆಸಂದಿಯಲ್ಲಿ ಕೆಂಪಗಾಗುತ್ತದೆ. ನಾಲ್ಕು ಹೊಲಿಗೆ ಒಂದೇ ಕಡೆ ಸೇರುವ ಆ ಜಾಗದಲ್ಲಿ ವಜ್ರಾಕಾರದ ಅಥವಾ ತ್ರಿಕೋನದ ತುಂಡು ಕೊಟ್ಟಿರಬೇಕು. ನಾವು ಅದನ್ನು ಗಸೆಟ್ ಅನ್ನುತ್ತೇವೆ. ಅದಿಲ್ಲದಿದ್ದರೆ ಎಳೆತವೆಲ್ಲ ಒಂದೇ ಬಿಂದುವಿಗೆ ಬಿದ್ದು ಮೊದಲು ಹರಿಯುವುದು ಅಲ್ಲೇ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ನೂಲು, ಹೆಣಿಗೆ, ಹೊಲಿಗೆಯದ್ದೇ. ಹಾಗಂತ 2000 ರೂಪಾಯಿಯದ್ದೆಲ್ಲ ಪಾಸಾಗುತ್ತದೆ ಅಂದುಕೊಳ್ಳಬೇಡಿ, ಕೈಯಲ್ಲಿ ಎಳೆದೇ ನೋಡಿ.

ಪ್ರಶ್ನೆ (ಹಾಸನ): ಲೆಗ್ಗಿಂಗ್ಸ್ ಹಿಂಬದಿ ಕೂದಲಿನ ಥರ ಬಿಳಿ ದಾರ ಎದ್ದಿವೆ. ಕತ್ತರಿಸಬಹುದಾ?

ಉತ್ತರ: ಅದು ತುಂಡಾದ ಸ್ಪ್ಯಾಂಡೆಕ್ಸ್. ನೋಟಕ್ಕೆ ಬೇಕಾದರೆ ಕತ್ತರಿಸಿ, ಆದರೆ ಆ ಜಾಗ ಮತ್ತೆ ಬಿಗಿಯಾಗುವುದಿಲ್ಲ. ಬಿಸಿ ಡ್ರೈಯರ್, ಇಸ್ತ್ರಿ, ಕ್ಲೋರಿನ್, ಸೈಜಿಗಿಂತ ಚಿಕ್ಕದನ್ನು ಎಳೆದು ಹಾಕುವುದು, ಇವೇ ಕಾರಣ. ಮುಂದಿನದ್ದನ್ನು ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ.

ಪ್ರಶ್ನೆ (ಮೈಸೂರು): ಹತ್ತಿ ಟೀ ಶರ್ಟ್ ಎರಡು ಒಗೆತಕ್ಕೇ ತಿರುಚಿಕೊಂಡಿದೆ, ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ಬಂದಿದೆ. ಒಗೆಯೋದ್ರಲ್ಲಿ ತಪ್ಪಾ?

ಉತ್ತರ: ಒಗೆದವರದ್ದೇನೂ ತಪ್ಪಿಲ್ಲ. ನೂಲಿಗೆ ಕೊಟ್ಟ ತಿರುವು ಹೆಚ್ಚಾಗಿದ್ದರೆ ಸಿಂಗಲ್ ಜೆರ್ಸಿಯಲ್ಲಿ ಹೆಣಿಗೆಯ ಸಾಲುಗಳು ಓರೆಯಾಗುತ್ತವೆ. ಕಾರ್ಖಾನೆಯಲ್ಲಿ ಎಳೆದು ನೇರ ಮಾಡಿ ಇಸ್ತ್ರಿ ಹೊಡೆದು ಕಳಿಸಿರುತ್ತಾರೆ, ನೀರು ತಾಗಿದಾಗ ಅದು ತನ್ನ ಸ್ಥಿತಿಗೆ ಮರಳುತ್ತದೆ. ಕೊಳ್ಳುವಾಗಲೇ ಪತ್ತೆ ಹಚ್ಚಬಹುದು. ಟೀ ಶರ್ಟಿನ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಉದ್ದಕ್ಕೆ ಸಣ್ಣ ಜಡೆಯಂಥ ಸಾಲುಗಳು ಕಾಣುತ್ತವೆ. ಅವು ಪಕ್ಕದ ಹೊಲಿಗೆಗೆ ಸಮಾನಾಂತರವಾಗಿ ಇಳಿಯಬೇಕು. ಎದೆಯ ಹತ್ತಿರ ಶುರುವಾದ ಸಾಲು ಕೆಳಗೆ ಬರುತ್ತಾ ಹೊಲಿಗೆಯೊಳಗೆ ಸೇರಿಹೋದರೆ ಆ ಟೀ ಶರ್ಟ್ ತಿರುಚುತ್ತದೆ.

ಪ್ರಶ್ನೆ (ಶಿವಮೊಗ್ಗ): ಕೆಂಪು ಜೆರ್ಸಿ (ಆಟದ ಟೀ ಶರ್ಟ್) ಮೇಲಿನ ಬಿಳಿ ಅಕ್ಷರ ಗುಲಾಬಿ ಆಗಿಬಿಟ್ಟಿದೆ.

ಉತ್ತರ: ಪಾಲಿಯೆಸ್ಟರಿನ ಬಣ್ಣ ಬಿಸಿಗೆ ಆವಿಯಾಗಿ ಮೇಲಿನ ಪ್ರಿಂಟಿಗೆ ಏರಿದೆ. ಪ್ರಿಂಟರ್‌ಗಳು ಕೆಳಗೆ ತಡೆಪದರ ಹಾಕದಿದ್ದಾಗ ಹೀಗಾಗುತ್ತದೆ. ಇಸ್ತ್ರಿ ಹಾಕಿದರೆ ಇನ್ನೂ ಹೆಚ್ಚುತ್ತದೆ. ಹೋಗಿಸಲು ಬರುವುದಿಲ್ಲ.

ಪ್ರಶ್ನೆ (ಬೆಳಗಾವಿ): ಟ್ರ್ಯಾಕ್ ಪ್ಯಾಂಟ್ ಉದ್ದ ಐತಿ. ಕತ್ತರಿಸಿ ಹೊಲಿಸಿದ್ರ ಕೆಳಗಿನ ಹೊಲಿಗಿ ಟಪಟಪ ಹರಿತೈತಿ. ಟೈಲರ್ ಅಣ್ಣಾರ, ಏನ್ ಮಾಡೂದು?

ಟೈಲರ್: ಸಾದಾ ಮಷೀನ್‌ದಾಗ ಸೀದಾ ಹೊಲಿಗಿ ಹಾಕ್ಯಾರ ಅಂತ ಕಾಣತೈತ್ರಿ. ಬಟ್ಟಿ ಹಿಗ್ಗತೈತಿ, ದಾರ ಹಿಗ್ಗಂಗಿಲ್ಲ, ಕಾಲು ಹಾಕೂ ಮುಂದ ಹರಿದಬಿಡತೈತಿ. ಫ್ಲ್ಯಾಟ್‌ಲಾಕ್ ಮಷೀನ್ ಇದ್ದವರ ಕಡೆ ಕೊಡ್ರಿ. ಇಲ್ಲಂದ್ರ ಜಿಗ್‌ಜ್ಯಾಗ್ ಹಾಕಸ್ರಿ, ಅಗಲ 2 ಮಿಲಿಮೀಟರ್, ಉದ್ದ ಎರಡೂವರಿ. ಸೂಜಿ ಬಾಲ್ ಪಾಯಿಂಟ್ 11 ನಂಬರ್ ಬೇಕು. ಚೂಪ ಸೂಜಿ ಎಳಿ ಕಡಿತೈತಿ, ಆಮ್ಯಾಲ ಸಣ್ಣ ಸಣ್ಣ ತೂತು ಬೀಳತಾವು. ದಾರ ಪಾಲಿಯೆಸ್ಟರ್‌ದ ಇರ್ಲಿ. ಪ್ಯಾಂಟ್ ಹತ್ತಿದಿದ್ರ ಕತ್ತರಿಸೂಕಿಂತ ಮೊದಲ ಒಮ್ಮೆ ಒಗದು ಒಣಗಸ್ರಿ, ಕುಗ್ಗೂದೆಲ್ಲಾ ಕುಗ್ಗಿಬಿಡ್ಲಿ. ಮಡಚಾಕ 2 ಸೆಂಟಿಮೀಟರ್ ಬಿಡ್ರಿ.

ಜಾಗರ್, ಅಂದ್ರ ಪಾದದ ಹತ್ರ ಬಿಗಿ ಪಟ್ಟಿ (ರಿಬ್) ಇರೂ ಪ್ಯಾಂಟ್ ಇದ್ರ ಬ್ಯಾರೆ ಲೆಕ್ಕರಿ. ಕೆಳಗಿನ ರಿಬ್ ಬಿಚ್ಚಿ ತಗದು, ಮ್ಯಾಲಿಂದ ಬೇಕಾದಷ್ಟು ಕತ್ತರಿಸಿ, ತಿರುಗಿ ಅದ ರಿಬ್ ಕೂಡಸಬೇಕು. ಜಾಗರ್ ಕೆಳಗ ಹೋದಂಗ ಸಣ್ಣ ಆಗಿರತೈತಿ, ಕತ್ತರಿಸಿದ ಜಾಗಾ ಅಗಲ ಬರತೈತಿ. ಅದಕ್ಕ ಒಳಗಿನ ಹೊಲಿಗಿ ಗುಂಟ ಕೆಳಗಿಂದ ಒಂದು ಗೇಣು ಹಿಡದು ಸಣ್ಣ ಮಾಡಿ ಆಮ್ಯಾಲ ರಿಬ್ ಹಚ್ಚಬೇಕು. ಹಂಗ ಮಾಡಲಿಲ್ಲಂದ್ರ ಪಾದದ ಮ್ಯಾಲ ನೆರಿಗಿ ಬಿದ್ದು ಬುಗ್ಗಿ ಹಂಗ ಉಬ್ಬತೈತಿ.

ಪ್ರಶ್ನೆ (ಮಂಗಳೂರು): ತೊಡೆಸಂದಿಯಲ್ಲಿ ತುರಿಕೆ, ಉಂಗುರದ ಹಾಗೆ ಕೆಂಪು. ಲೆಗ್ಗಿಂಗ್ಸ್‌ನಿಂದಲಾ ಮೇಡಂ?

ಉತ್ತರ: ಅದು ಹುಳುಕಡ್ಡಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಿಕ್ಸ್ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ಕಡಿಮೆಯಾದಂತೆ ಕಂಡು ಹಬ್ಬುತ್ತದೆ. ಬಟ್ಟೆಯ ಪಾಲು ಇಷ್ಟು: ಬಿಗಿ, ಬೆವರು, ಬಿಸಿ ಮೂರೂ ಸೇರಿದಲ್ಲಿ ಫಂಗಸ್ ಬೆಳೆಯುತ್ತದೆ, ಕರಾವಳಿಯ ಹವೆಯಲ್ಲಿ ಬೆವರು ಆರುವುದೂ ನಿಧಾನ. ವಾಸಿಯಾಗುವವರೆಗೆ ಸಡಿಲ ಹತ್ತಿ ಬಟ್ಟೆ ಹಾಕಿ, ಒಳಉಡುಪನ್ನು ದಿನಾ ಬದಲಿಸಿ, ಟವೆಲ್ ಹಂಚಿಕೊಳ್ಳಬೇಡಿ. ಮಳೆಗಾಲದಲ್ಲಿ ಅರೆಒಣಗಿದ್ದನ್ನು ಹಾಕಲೇಬೇಡಿ.

ಪ್ರಶ್ನೆ (ಹೈದರಾಬಾದಿನಲ್ಲಿರುವ ಕನ್ನಡಿಗರು): ಆಫೀಸಿಗೆ ಜಾಗರ್ ಹಾಕ್ಕೊಂಡು ಹೋದ್ರೆ ಸೋಮಾರಿ ಥರ ಕಾಣಬಾರದು. ಯಾವುದು ತಗೋಬೇಕು?

ಉತ್ತರ: ಹೆಣೆದ ಬಟ್ಟೆ ಬಿಟ್ಟು ನೇಯ್ದ ಸ್ಟ್ರೆಚ್ ಬಟ್ಟೆಯದ್ದು ನೋಡಿ, ಮೊಣಕಾಲು ಜೋಲುವುದಿಲ್ಲ. ಒಂದೇ ಗಾಢ ಬಣ್ಣ, ಪಕ್ಕದಲ್ಲಿ ಪಟ್ಟೆ ಬೇಡ, ದೊಡ್ಡ ಲೋಗೋ ಬೇಡ, ಜೇಬಿಗೆ ಜಿಪ್ ಇರಲಿ, ಸೊಂಟದ ದಾರ ಒಳಗೆ ಹೋಗುವಂತಿರಲಿ. ಹೊಳೆಯುವ ಸೂಪರ್ ಪಾಲಿ, ಅಂದರೆ ಟ್ರ್ಯಾಕ್‌ಸೂಟಿನ ಪಾಲಿಯೆಸ್ಟರ್ ಬಟ್ಟೆ, ಎಷ್ಟು ಒಳ್ಳೆಯ ಹೊಲಿಗೆಯಿದ್ದರೂ ಆಟದ ಮೈದಾನವನ್ನೇ ನೆನಪಿಸುತ್ತದೆ. ಮೇಲೆ ಕಾಲರ್ ಇರುವ ಟೀ ಶರ್ಟ್ ಹಾಕಿದರೆ ಸಾಕು.

ಪ್ರಶ್ನೆ (ತುಮಕೂರು): ಅಮ್ಮ ಅಡುಗೆ ಮಾಡುವಾಗಲೂ ನನ್ನ ಹಳೆ ಡ್ರೈಫಿಟ್ ಟೀ ಶರ್ಟೇ ಹಾಕ್ತಾರೆ, ಬೇಗ ಒಣಗತ್ತೆ ಅಂತ. ಪರವಾಗಿಲ್ಲವಾ?

ಉತ್ತರ: ದಯವಿಟ್ಟು ಬೇಡ ಅನ್ನಿ. ಈ ಇಡೀ ಚರ್ಚೆಯಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೇ. ಹತ್ತಿಗೂ ಬೆಂಕಿ ಹತ್ತುತ್ತದೆ, ಆದರೆ ಅದು ಕರಗುವುದಿಲ್ಲ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ದಾಟಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಅಂಟಿದ ಕಡೆ ಸುಡುತ್ತಲೇ ಇರುತ್ತದೆ. ನೈಲಾನ್ ಕೂಡ ಹಾಗೇ. ಗ್ಯಾಸ್ ಒಲೆ, ದೀಪ, ದೀಪಾವಳಿಯ ಪಟಾಕಿ ಎಲ್ಲದರ ಹತ್ತಿರವೂ ಮೈಗೆ ಹತ್ತಿರವಾಗಿ ಕೂರುವ, ತೋಳು ಜೋಲದ ಹತ್ತಿ ಬಟ್ಟೆ ಇರಲಿ. ಬೆಂಕಿ ತಾಗಿಯೇಬಿಟ್ಟರೆ ಮೊದಲು ಆರಿಸಿ, ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ. ಅಂಟಿದ ಬಟ್ಟೆಯನ್ನು ಕೀಳಬೇಡಿ, ಅದರ ಸುತ್ತ ಕತ್ತರಿಸಿ ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಕು, ಟೂತ್‌ಪೇಸ್ಟ್, ಅರಿಶಿನ ಏನನ್ನೂ ಹಚ್ಚಬೇಡಿ.

ಅದೇ ಸದಸ್ಯರು: ಲೇಬಲ್ ಅಳಿಸಿಹೋಗಿದೆ. ಯಾವುದು ಹತ್ತಿ, ಯಾವುದು ಪಾಲಿಯೆಸ್ಟರ್ ಅಂತ ಹೇಗೆ ತಿಳಿಯೋದು?

ಉತ್ತರ: ಒಳಗಿನ ಹೊಲಿಗೆಯ ಅಂಚಿಂದ ಬಟ್ಟೆಯದ್ದೇ ಎರಡು ಎಳೆ ಕಿತ್ತುಕೊಳ್ಳಿ, ಹೊಲಿಗೆ ದಾರ ಬೇಡ, ಅದು ಹೇಗೂ ಪಾಲಿಯೆಸ್ಟರ್ ಇರುತ್ತದೆ. ಸಿಂಕಿನ ಮೇಲೆ, ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ಹತ್ತಿ ಸುಟ್ಟ ಕಾಗದದ ವಾಸನೆ ಕೊಟ್ಟು ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಉರಿಯಿಂದ ಹಿಂದೆ ಸರಿಯುತ್ತಾ ಕುಗ್ಗಿ, ಆರಿದ ಮೇಲೆ ಉಗುರಿಗೂ ಒಡೆಯದ ಕಪ್ಪು ಮಣಿ ಉಳಿಸುತ್ತದೆ. ಬೂದಿಯೂ ಬಂದು ನಡುವೆ ಗಟ್ಟಿ ಹರಳೂ ಸಿಕ್ಕರೆ ಅದು ಮಿಶ್ರ ನೂಲು, ಅದನ್ನೂ ಅಡುಗೆಮನೆಯಿಂದ ಹೊರಗಿಡಿ.